ಶುಕ್ರವಾರ ಸಗಣಿ ಕೊಡದ ಮನೆಗಳು

ನಮ್ಮೂರ ಶಾಲೆಯ ಹಿಂದೆ, ಬಿಸಿಯೂಟದ ಅಡುಗೆ ಕೋಣೆಯ ಆಚೆಗೆ ಇರುವ ಗೊಬ್ಬರದ ತೊಟ್ಟಿ ಕಟ್ಟಿದವನು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆ ತೊಟ್ಟಿಯ ಬಗ್ಗೆ ಈಗ ಊರಲ್ಲಿ ಒಬ್ಬೊಬ್ಬರು ಒಂದೊಂದು ಮಾತಾಡುತ್ತಾರೆ. ಇಟ್ಟಿಗೆ ನನ್ನದು, ಸಿಮೆಂಟು ನನ್ನದು, ಮೈಮುರಿದು ದುಡಿದವನೂ ನಾನೇ. ಗಾಳಿ ಆಡಲಿ ಎಂದು ಇಟ್ಟಿಗೆ ಇಟ್ಟಿಗೆ ನಡುವೆ ಸಂದು ಬಿಟ್ಟು ಕಟ್ಟಿದೆ. ತಳಕ್ಕೆ ಕಾಂಕ್ರೀಟು ಹಾಕಲಿಲ್ಲ, ಎರೆಹುಳು ನೆಲದಿಂದ ಮೇಲೆ ಬರಬೇಕಲ್ಲ. ಗೋಡೆ ನೆಟ್ಟಗೆ ನಿಂತಿದೆಯೋ ಇಲ್ಲವೋ ಎಂದು ಯಾರು ಬೇಕಾದರೂ ತೂಗುಗುಂಡು ಬಿಟ್ಟು ನೋಡಬಹುದು.

ನಾನು ಗೌಂಡಿ. ಐದನೆಯ ತರಗತಿಗೆ ಶಾಲೆ ಬಿಟ್ಟೆ, ಅಂದಿನಿಂದ ಕೈಯಲ್ಲಿ ಕರಣೆ ಹಿಡಿದಿದ್ದೇನೆ. ಲಕ್ಷ್ಮೇಶ್ವರ, ಶಿರಹಟ್ಟಿ, ಗದಗ, ಎಲ್ಲಿ ಮನೆ ಏಳುತ್ತದೋ ಅಲ್ಲಿಗೆ ಬಸ್ಸು ಹತ್ತುತ್ತೇನೆ. ನಮ್ಮೂರು ಲಕ್ಷ್ಮೇಶ್ವರಕ್ಕೂ ಶಿಗ್ಲಿಗೂ ಹತ್ತಿರ. ಶಾಲೆ ಪೂರ್ತಿ ಓದದ ನನ್ನನ್ನೇ ಶಾಲೆಯ ಮೇಲುಸ್ತುವಾರಿ ಸಮಿತಿಗೆ ಅಧ್ಯಕ್ಷನನ್ನಾಗಿ ಮಾಡಿದ್ದಾರೆ. ಅದನ್ನು ನಾನು ಹಗುರಾಗಿ ತೆಗೆದುಕೊಂಡಿಲ್ಲ. ನನ್ನ ಮಗಳು ಅದೇ ಶಾಲೆಯಲ್ಲಿ ಮೂರನೆಯ ತರಗತಿ.

ಗೊಬ್ಬರದ ಹುಚ್ಚು ಹಿಡಿದದ್ದು ಗದಗಿನಲ್ಲಿ. ಒಂದು ಮನೆಯ ಮಾಳಿಗೆಗೆ ಗಿಲಾವು ಮಾಡುತ್ತಿದ್ದಾಗ, ಆ ಮನೆಯಾಕೆ ಅಡುಗೆಮನೆಯ ಸಿಪ್ಪೆ ಸೊಪ್ಪನ್ನೆಲ್ಲ ಬಕೆಟ್ಟಿನಲ್ಲಿ ಕೊಳೆಯಿಸಿ, ಅದೇ ಗೊಬ್ಬರದಲ್ಲಿ ಬದನೆ ಬೆಳೆದಿದ್ದರು. ಅವರ ಮೊಮ್ಮಗ, ಇನ್ನೂ ಸರಿಯಾಗಿ ಮಾತು ಬಾರದ ಹುಡುಗ, ಬಿಸ್ಕೀಟಿನ ಪಾಕೀಟನ್ನು ಒಂದು ಬುಟ್ಟಿಗೆ, ಬಾಳೆಸಿಪ್ಪೆಯನ್ನು ಇನ್ನೊಂದಕ್ಕೆ ಹಾಕುವುದನ್ನು ನಾನು ಕಣ್ಣಾರೆ ಕಂಡೆ. ನಮ್ಮ ಶಾಲೆಯ ಗೋಡೆಯ ಮೇಲೂ ಹಸಿ ಕಸ, ಒಣ ಕಸ ಎಂದು ಬಣ್ಣದಲ್ಲಿ ಬರೆದಿದೆ. ನಮ್ಮ ಹುಡುಗರು ಅದನ್ನು ಗಟ್ಟಿಯಾಗಿ ಓದುತ್ತಾರೆ. ಓದುತ್ತ ಓದುತ್ತಲೇ ಚಿಪ್ಸಿನ ಪಾಕೀಟನ್ನು ಅದೇ ಗೋಡೆಯ ಬುಡಕ್ಕೆ ಒಗೆಯುತ್ತಾರೆ. ಆ ಪಾಕೀಟು ಗಾಳಿಗೆ ಹಾರಿ ಯಾರದೋ ತಿಪ್ಪೆ ಸೇರುತ್ತದೆ, ತಿಪ್ಪೆಯಿಂದ ಹೊಲಕ್ಕೆ ಹೋಗುತ್ತದೆ, ಮುಂದೆ ಕುಂಟೆಯ ತುಂಬ ಸಿಕ್ಕಿಕೊಳ್ಳುತ್ತದೆ. ಹೋದ ಮುಂಗಾರಿನಲ್ಲಿ ನಮ್ಮ ಹೊಲದಲ್ಲಿ ಹೆಸರುಕಾಳಿನ ಸಾಲಿಗಿಂತ ಹೆಚ್ಚು ಮಿಂಚುತ್ತಿದ್ದದ್ದು ಪಾಕೀಟು.

ಮಕ್ಕಳಿಂದಲೇ ಶುರುವಾಗಬೇಕು ಎಂದು ತೀರ್ಮಾನಿಸಿದೆ. ದೊಡ್ಡಕ್ಕೋರು, ಅಂದರೆ ಶಾಲೆಯ ಮುಖ್ಯೋಪಾಧ್ಯಾಯಿನಿ, ಬೇಡ ಅನ್ನಲಿಲ್ಲ. ಆದರೆ ಹೂಂ ಎಂದ ರೀತಿಯಲ್ಲೇ ಅರ್ಧ ಬೇಡ ಇತ್ತು.

“ಕಟ್ಟ್ರಿ ಅಧ್ಯಕ್ಷರ. ಆದ್ರ ಅಡಗಿ ಖೋಲಿ ಬಾಜೂಕ ಐತಿ, ನೆನಪಿರ್ಲಿ. ನಾತ ಹೊಡದ್ರ, ನೊಣ ಬಂದು ಹುಡುಗರ ತಾಟಿನ ಮ್ಯಾಲ ಕುಂತ್ರ, ಜವಾಬು ಕೊಡಾಕಿ ನಾನು. ದೀಪಾವಳಿ ತನಕ ನೋಡ್ತೀನ್ರಿ. ಸರಿ ಹೋಗಲಿಲ್ಲಂದ್ರ ಮಣ್ಣ ತುಂಬಿಸಿ ಹೂವಿನ ಗಿಡ ಹಚ್ಚಿಸ್ತೀನಿ.”

“ಹಚ್ಚೂ ಪ್ರಸಂಗ ಬರೂದಿಲ್ರಿ ಅಕ್ಕೋರ,” ಎಂದೆ. ಸಮಿತಿಯ ಎಲ್ಲರೆದುರು ಹೇಳಿದ ಮಾತು. ನಾನು ಕಟ್ಟಿದ್ದನ್ನು ಯಾರೂ ಇದುವರೆಗೆ ಮುಚ್ಚಿಲ್ಲ, ಒಡೆದಿಲ್ಲ.

ಮೊದಲ ಪಾಠ ನಾನೇ ಮಾಡಿದೆ. ಹಸಿ ಕಸಕ್ಕೆ ಹಸಿರು, ಒಣ ಕಸಕ್ಕೆ ನೀಲಿ ಎಂದು ಎರಡು ಡ್ರಮ್ಮಿಗೆ ಬಣ್ಣ ಬಳಿದು ತೊಟ್ಟಿಯ ಪಕ್ಕ ಇಟ್ಟು, ಸಣ್ಣ ತರಗತಿಯ ಹುಡುಗರನ್ನು ಬೇವಿನ ಗಿಡದ ಕೆಳಗೆ ಕೂರಿಸಿದೆ. ಬಿಸಿಯೂಟದ ಅಡುಗೆಯವ್ವ ಬಾಗಿಲಿಗೆ ಒರಗಿ ನಿಂತು ನೋಡುತ್ತಿದ್ದಳು.

“ಮನ್ಯಾಗ ಹಸಿ ಕಸ ಏನೇನ ಬೀಳ್ತೈತಿ, ಹೇಳ್ರಿ ನೋಡೂಣು,” ಎಂದೆ.

ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

“ಕಾಯಿಪಲ್ಲೆ ಹೆಚ್ಚಿದ ಮ್ಯಾಲ ಸಿಪ್ಪಿ ಉಳಿತೈತಿಲ್ಲೋ? ಅದನ್ನೇನ ಮಾಡ್ತಾಳ ನಿಮ್ಮವ್ವ?”

“ಎಮ್ಮಿಗೆ ಹಾಕ್ತಾಳ್ರಿ.”

“ಬಾಳಿಹಣ್ಣಿನ ಸಿಪ್ಪಿ?”

“ಆಡ ತಿಂತೈತ್ರಿ ಕಾಕಾ.”

“ಉಳದ ಅನ್ನ, ಸಾರು?”

“ಮುಸುರಿ ಗಡಿಗ್ಯಾಗ ಹೊಯ್ತಾರ್ರಿ. ಅದನ್ನೂ ಎಮ್ಮಿ ಕುಡಿತೈತಿ.”

“ಆತು, ಎಮ್ಮಿ ಇಲ್ಲದವರ ಮನ್ಯಾಗ?”

“ಬಾಜೂ ಮನಿ ಎಮ್ಮಿಗೆ ಹಾಕ್ತೀವ್ರಿ. ಅವರು ಮಜ್ಜಗಿ ಕೊಡ್ತಾರ.”

ಅಡುಗೆಯವ್ವ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಗದಗಿನ ಮಾಳಿಗೆಯ ಮೇಲೆ ಎಮ್ಮೆ ಇರಲಿಲ್ಲ ಎಂಬುದು ನನಗೆ ಆಗ ಹೊಳೆಯಿತು. ಆದರೂ ಕುಂತ ಹುಡುಗರೆದುರು ಹಿಂದೆ ಸರಿಯುವವನಲ್ಲ ನಾನು. ಹಾಲಿಗೆ ಹೆಪ್ಪು ಹಾಕಿದ ಹಾಗೆ ಗೊಬ್ಬರಕ್ಕೆ ಮೊದಲು ಸಗಣಿ ಬೇಕು, ನಾಳೆ ಎಲ್ಲರೂ ಒಂದೊಂದು ಉಂಡೆ ಸಗಣಿ ತರಬೇಕು ಎಂದು ಹೇಳಿ ಎಬ್ಬಿಸಿದೆ.

ಮರುದಿನ ಶುಕ್ರವಾರ. ಶುಕ್ರವಾರ ನಮ್ಮ ಆಳುಗಳು ಸಂತೆಗೆ ಹೋಗುವುದರಿಂದ ಅರ್ಧ ದಿನಕ್ಕೇ ಕೆಲಸ ಬಿಡುತ್ತೇವೆ. ಮಧ್ಯಾಹ್ನ ಸಲಿಕೆ ಹಿಡಿದು ಶಾಲೆಗೆ ಹೋದರೆ ತೊಟ್ಟಿಯ ತಳದ ಮಣ್ಣು ಹಾಗೇ ಕಾಣುತ್ತಿತ್ತು. ಒಂದು ಮಗುವೂ ಸಗಣಿ ತಂದಿರಲಿಲ್ಲ. ನನ್ನ ಮಗಳೂ ತಂದಿರಲಿಲ್ಲ. ನಮ್ಮ ಹಿತ್ತಲಲ್ಲಿ ಎರಡು ಎಮ್ಮೆ ಇವೆ!

ಕಾದ ಹೆಂಚಿನ ಹಾಗೆ ಮನೆಗೆ ಬಂದೆ. ಹೆಂಡತಿ ಜೋಳ ಹಸನ ಮಾಡುತ್ತಿದ್ದಳು, ಮೊರದಿಂದ ತಲೆ ಎತ್ತಲಿಲ್ಲ.

“ನಾ ಅಧ್ಯಕ್ಷ. ನನ್ನ ಮಗಳ ಬರಿಗೈಲೆ ಹೋದ್ರ ಉಳದವರ ತರ್ತಾರೇನ?”

“ಶುಕ್ರವಾರ ಸಗಣಿ ಮನಿಯಿಂದ ಹೊರಗ ಕೊಡೂದಿಲ್ರಿ. ಮಂಗಳವಾರಾನೂ ಇಲ್ಲ. ನಿಮ್ಮವ್ವ ಹೇಳಿ ಕೊಟ್ಟಿದ್ದು ನನಗ.”

“ಒಂದ ಉಂಡಿ ಸಗಣಿಗೆ ಲಕ್ಷ್ಮಿ ಹೊಂಟ ಹೋಗ್ತಾಳೇನ?”

“ಹೊಂಟ್ರ ನೀವ ಬೆನ್ನ ಹತ್ತಿ ಕರಕೊಂಡ ಬರ್ತೀರೇನ್ರಿ? ಬಸ್ಸಿಗೆ ಹೋಗಬೇಕಾಗ್ತೈತಿ.”

“ಶಾಲಿ ಬ್ಯಾರೇರ ಮನಿಯೇನ? ನಮ್ಮ ಮಕ್ಕಳ ಕುಂಡ್ರೂ ಜಾಗ ಅದು.”

“ಬ್ಯಾರೇರದ್ದ ಮತ್ತ. ಸರಕಾರದ್ದು.”

ಎದ್ದು ಹೋಗಿ ಓಣಿಯ ನಾಲ್ಕು ಮನೆಯ ಬಾಗಿಲಲ್ಲಿ ನಿಂತು ಹೆಂಗಸರಿಗೆ ಬೈದು ಬಂದೆ. ಯಾವ ಕಾಲದಲ್ಲಿ ಇದ್ದೀರಿ, ಸಗಣಿಗೆ ವಾರ ತಿಥಿ ಏನು ಎಂದೆ. ಅವರೆಲ್ಲ ತಲೆಯಾಡಿಸಿ ಕೇಳಿಸಿಕೊಂಡರು. ಶನಿವಾರ ಬೆಳಿಗ್ಗೆ ಒಬ್ಬೊಬ್ಬ ಹುಡುಗನ ಕೈಯಲ್ಲಿ ಒಂದೊಂದು ಬುಟ್ಟಿ ಕಳಿಸಿದರು. ತೊಟ್ಟಿ ತುಂಬಿ ಅಡುಗೆ ಕೋಣೆಯ ದಾರಿಗೆಲ್ಲ ಸಗಣಿ ಹರಡಿತ್ತು. ದೊಡ್ಡಕ್ಕೋರು ನನಗೆ ಫೋನು ಹಚ್ಚಿ ಏನೂ ಬೈಯಲಿಲ್ಲ, “ಬಂದು ನೋಡ್ರಿ” ಎಂದಷ್ಟೇ ಹೇಳಿದರು. ಮುಳಗುಂದದ ಕೆಲಸ ಬಿಟ್ಟು ಬಂದು ಸಗಣಿ ಬಾಚಿದೆ.

ಆಮೇಲಿನ ತಿಂಗಳುಗಳನ್ನು ನೆನೆಸಿಕೊಂಡರೆ ಈಗಲೂ ಹಲ್ಲು ಕಡಿಯುವಂತಾಗುತ್ತದೆ. ಬಿಸಿಯೂಟದಲ್ಲಿ ಮೊಟ್ಟೆ ಕೊಡುತ್ತಾರೆ, ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು. ಸಿಪ್ಪೆಯಾದರೂ ತೊಟ್ಟಿಗೆ ಸಿಗುತ್ತದೆ ಎಂದು ನಾನು ಲೆಕ್ಕ ಹಾಕಿದ್ದೆ. ಹುಡುಗರು ಹಣ್ಣು ತಿಂದು ಸಿಪ್ಪೆಯನ್ನು ಪಾಟೀಚೀಲಕ್ಕೆ ಹಾಕಿಕೊಂಡು ಮನೆಯ ಆಡಿಗೆ ಒಯ್ಯುತ್ತಿದ್ದರು. ಅಡುಗೆಯವ್ವ ಅನ್ನದ ಗಂಜಿ, ತರಕಾರಿಯ ತೊಟ್ಟು, ತಾಟು ತೊಳೆದ ನೀರಿನ ಸಮೇತ ಕೊಡಕ್ಕೆ ತುಂಬಿ ಮನೆಗೆ ಒಯ್ಯುತ್ತಿದ್ದಳು.

“ಯಕ್ಕಾ, ಅರ್ಧಾರ ತೊಟ್ಟಿಗೆ ಹಾಕಬೇ,” ಎಂದು ಕೇಳಿಕೊಂಡೆ.

“ನಿಮ್ಮ ತೊಟ್ಟಿ ಹಾಲ ಕೊಡ್ತೈತೇನ್ರಿ ಅಧ್ಯಕ್ಷರ? ಎರಡ ಹೊತ್ತು ಬ್ಯಾಡ, ಒಂದ ಹೊತ್ತ ಕೊಡ್ಲಿ, ನಾಳಿಂದನ ಹಾಕ್ತೀನಿ.”

ಹೀಗೆ ಆಡು ತಿಂದು, ಎಮ್ಮೆ ಕುಡಿದು, ಕೋಳಿ ಕೆದರಿದ ಮೇಲೆ ಏನು ಉಳಿಯಿತು? ಯಾವ ಪ್ರಾಣಿಯೂ ಮೂಸದ್ದು ಉಳಿಯಿತು. ಅದೆಲ್ಲ ನನ್ನ ತೊಟ್ಟಿಗೆ ಬಂತು. ಚಿಪ್ಸಿನ ಪಾಕೀಟು, ಶಾಂಪೂ ಚೀಟಿ, ಬಾರು ಹರಿದ ಚಪ್ಪಲಿ, ಮುರಿದ ಬಳಪದ ಡಬ್ಬಿ. ಡ್ರಮ್ಮುಗಳ ಗತಿ ಇನ್ನೂ ಚೆಂದ. ಹಸಿರು ಬಣ್ಣದ ಪಾಕೀಟು ಹಸಿರು ಡ್ರಮ್ಮಿಗೆ, ನೀಲಿ ಪಾಕೀಟು ನೀಲಿ ಡ್ರಮ್ಮಿಗೆ. ಕೆಂಪು ಪಾಕೀಟು ಎಲ್ಲಿಗೆ ಎಂದು ಒಂದನೆಯ ತರಗತಿಯ ಒಂದು ಹುಡುಗಿ ನನ್ನನ್ನೇ ಕೇಳಿದಳು. “ನಿಮ್ಮಪ್ಪನ ತಲಿ ಮ್ಯಾಲ,” ಎಂದುಬಿಟ್ಟೆ. ಅದು ಅಳುತ್ತ ಒಳಗೆ ಓಡಿತು.

ಪ್ರತಿ ಶುಕ್ರವಾರ ಮಧ್ಯಾಹ್ನ ಬಂದು ಕೈಹಾಕಿ ಪಾಕೀಟು ಹೆಕ್ಕುತ್ತಿದ್ದೆ. ಹುಡುಗರು ಸುತ್ತ ನಿಂತು ನೋಡುತ್ತಿದ್ದರು. ನೋಡಿ ಕಲಿಯುತ್ತಾರೆ ಎಂದು ನಾನು ತಿಳಿದಿದ್ದೆ. ಅವರು ಕಲಿತದ್ದು ಒಂದೇ: ಹಾಕಿದರೆ ಶುಕ್ರವಾರ ಅಧ್ಯಕ್ಷ ಕಾಕಾ ಬಂದು ತೆಗೆಯುತ್ತಾನೆ. ಒಂದು ದಿನ ನನ್ನ ಮಗಳೇ ಚಾಕಲೇಟಿನ ಚೀಟಿಯನ್ನು ತೊಟ್ಟಿಯ ಸಂದಿಗೆ ತುರುಕುವುದು ಕಂಡಿತು.

“ನಿನಗೂ ಹೇಳಬೇಕೇನ? ಮನ್ಯಾಗ ನಮ್ಮ ತಿಪ್ಪ್ಯಾಗ ಹಿಂಗ ಹಾಕ್ತೀಯೇನ?” ಎಂದು ಎಲ್ಲರೆದುರು ಗದರಿಸಿದೆ.

“ಅದು ನಮ್ಮ ತಿಪ್ಪಿ,” ಎಂದಳು. ಮೆಲ್ಲಗೆ ಹೇಳಿದಳು, ಆದರೆ ಹೇಳಿದಳು. ಆಮೇಲೆ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ.

ಮಳೆಗಾಲದ ಕೊನೆಗೆ ತೊಟ್ಟಿ ನಾರತೊಡಗಿತು. ಯಾರೋ ಸಾರು ಸುರಿದಿದ್ದರು, ಕೆಳಗೆ ಪ್ಲಾಸ್ಟಿಕ್ ಸಿಕ್ಕಿ ನೀರು ನಿಂತಿತ್ತು. ನಾನು ಎಲ್ಲ ತೆಗೆದು ಬೇವಿನ ಒಣ ಎಲೆ, ಮಣ್ಣು, ಸಗಣಿ ಎಂದು ಪದರ ಪದರವಾಗಿ ಮತ್ತೆ ತುಂಬಿದೆ. ನಾತ ಕಡಿಮೆಯಾಯಿತು. ಎಂಟು ದಿನಕ್ಕೆ ಮತ್ತೆ ಪಾಕೀಟು. ದೊಡ್ಡಕ್ಕೋರು ತೊಟ್ಟಿಯ ಬಳಿ ಬಂದು ಸೀರೆಯ ಸೆರಗನ್ನು ಮೂಗಿಗೆ ಹಿಡಿದರು.

“ಅಧ್ಯಕ್ಷರ, ನಿಮ್ಮ ಕಷ್ಟ ಕಾಣ್ತೈತ್ರಿ ನನಗ. ಆದ್ರ ಹೆಂಗ ಮಾಡೂಣು? ದೀಪಾವಳಿ ಸೂಟಿ ಮುಗದ ಮ್ಯಾಲ ಮುಚ್ಚಿಬಿಡೂಣ್ರಿ.”

ಅವರ ಮೇಲೆ ಸಿಟ್ಟು ಮಾಡುವ ಹಾಗೂ ಇರಲಿಲ್ಲ. ಮಕ್ಕಳ ಊಟದ ತಾಟು ಅವರ ಹೊಣೆ. “ಮುಚ್ಚೂದಾದ್ರ ನಾನ ಮುಚ್ಚತೀನ್ರಿ, ಬ್ಯಾರೇರ ಕೈಲೆ ಬ್ಯಾಡ,” ಎಂದು ಹೇಳಿ ಬಂದೆ. ಊರಿಗೆಲ್ಲ ಮನೆ ಕಟ್ಟಿಕೊಟ್ಟವನಿಗೆ ನಾಲ್ಕು ಅಡಿಯ ಗೊಬ್ಬರದ ತೊಟ್ಟಿ ಉಳಿಸಿಕೊಳ್ಳಲಾಗಲಿಲ್ಲ ಎಂದು ನಾಳೆ ಕಟ್ಟೆಯ ಮೇಲೆ ಕೂತವರು ಆಡಿಕೊಳ್ಳುತ್ತಾರಲ್ಲ.

ದೀಪಾವಳಿಯ ಪಾಡ್ಯದ ದಿನ ನಮ್ಮ ಕಡೆ ಸಗಣಿಯಲ್ಲಿ ಪಾಂಡವರನ್ನು ಮಾಡುತ್ತಾರೆ. ಸಣ್ಣ ಸಣ್ಣ ಉಂಡೆ ಮಾಡಿ, ನೆತ್ತಿಗೆ ಉತ್ತರಾಣಿ ಕಡ್ಡಿ, ಚೆಂಡು ಹೂ ಸಿಗಿಸಿ, ಅರಿಶಿನ ಕುಂಕುಮ ಹಚ್ಚಿ ಹೊಸ್ತಿಲಿಗೆ, ಒಲೆಯ ಬಳಿಗೆ, ದನದ ಕೊಟ್ಟಿಗೆಗೆ, ಕಡೆಗೆ ತಿಪ್ಪೆಯ ಮೇಲೂ ಇಡುತ್ತಾರೆ. ವರ್ಷವೆಲ್ಲ ಕಸ ತಿಂದು ಹೊಲಕ್ಕೆ ಅನ್ನ ಕೊಡುವ ತಿಪ್ಪೆಗೂ ಆ ದಿನ ಪೂಜೆ ಉಂಟು. ಹೆಂಡತಿ, ಮಗಳು ಹಿತ್ತಲಲ್ಲಿ ಕೂತು ಉಂಡೆ ಮಾಡುತ್ತಿದ್ದರು. ಮಗಳು ಇನ್ನಷ್ಟು ಸಗಣಿ ಬೇಕು ಎಂದು ಹಟ ಮಾಡುತ್ತಿದ್ದಳು, ಯಾಕೆ ಎಂದು ಅವಳವ್ವ ಕೇಳುತ್ತಿದ್ದಳು. ನಾನು ಆ ಕಡೆ ಗಮನ ಕೊಡಲಿಲ್ಲ. ಸಗಣಿ ಅಂದರೆ ಸಾಕಾಗಿಹೋಗಿತ್ತು ನನಗೆ.

ಶಾಲೆ ತೆರೆದ ದಿನ ಬೆಳಿಗ್ಗೆಯೇ ಸಲಿಕೆ, ಬುಟ್ಟಿ ಹಿಡಿದು ಹೋದೆ. ಹುಡುಗರು ಪ್ರಾರ್ಥನೆಗೆ ನಿಲ್ಲುವ ಮೊದಲೇ ಮಣ್ಣು ತುಂಬಿ ಕೆಲಸಕ್ಕೆ ಬಸ್ಸು ಹತ್ತಬೇಕು ಎಂಬುದು ನನ್ನ ಯೋಚನೆ. ತೊಟ್ಟಿಯ ಗೋಡೆಯ ಮೇಲೆ ಸಾಲಾಗಿ ಪಾಂಡವರು ಕೂತಿದ್ದರು. ಒಣಗಿ ಬಿರಿದಿದ್ದರು, ಚೆಂಡು ಹೂ ಬಾಡಿತ್ತು, ಉತ್ತರಾಣಿ ಕಡ್ಡಿ ಮಾತ್ರ ನೆಟ್ಟಗೆ ನಿಂತಿತ್ತು. ಒಂದೇ ಮನೆಯವಲ್ಲ. ಒಂದು ಉಂಡೆ ಗುಂಡಗೆ, ಒಂದು ಚಪ್ಪಟೆ, ಒಂದಕ್ಕೆ ಕವಡೆಯ ಕಣ್ಣು. ತುದಿಗೆ ಇದ್ದದ್ದು ನಮ್ಮ ಮನೆಯದು. ನನ್ನ ಮಗಳ ಹೆಬ್ಬೆರಳ ಗುರುತು ನನಗೆ ಗೊತ್ತು.

“ಹುಡುಗರ ಇಟ್ಟು ಹೋಗ್ಯಾರ್ರಿ,” ಎಂದಳು ಅಡುಗೆಯವ್ವ. “ನಿಮ್ಮ ಮಗಳ ಮದಲ ಬಂದ್ಲು. ಅಕಿನ್ನ ನೋಡಿ ಉಳದವು ಬಂದ್ವು. ಶಾಲಿಗೂ ಒಂದ ತಿಪ್ಪಿ ಐತಿ, ಅದಕ್ಕ ಯಾರೂ ಇಡೂದಿಲ್ಲ ಅಂತಂದ್ಲಂತ. ನಾನೂ ಒಂದ ಇಟ್ಟೀನಿ ಹೋಗ್ಲಿ ಅಂತ.”

ದೊಡ್ಡಕ್ಕೋರು ಬಂದರು. ಪಾಂಡವರನ್ನು ನೋಡಿದರು, ನನ್ನ ಸಲಿಕೆಯನ್ನು ನೋಡಿದರು.

“ಆ ಸಲಿಕಿ ಇಳಸ್ರಿ ಕೆಳಗ. ಇದರ ಮ್ಯಾಲ ಮಣ್ಣ ಹಾಕಿದ್ರ ಊರಾಗಿನ ಹೆಣ್ಮಕ್ಕಳು ನನ್ನ ಬಸ್ ಸ್ಟ್ಯಾಂಡ್ ತನಕ ಬೆನ್ನ ಹತ್ತತಾರ.”

ತೊಟ್ಟಿ ಉಳಿಯಿತು. ಅಂದಿನಿಂದ ಅದರೊಳಗೆ ಒಂದು ಪಾಕೀಟೂ ಬಿದ್ದದ್ದನ್ನು ನಾನು ಕಂಡಿಲ್ಲ. ಬೇವಿನೆಲೆ, ಮೊಟ್ಟೆಯ ಸಿಪ್ಪೆ ಬೀಳುತ್ತವೆ, ಕೆಲವರು ಮನೆಯಿಂದ ಒಲೆಯ ಬೂದಿ ತಂದು ಹಾಕುತ್ತಾರೆ. ಅಡುಗೆಯವ್ವ ಸಹ ದಿನಾ ಒಂದು ಬೊಗಸೆ ತೊಟ್ಟು ಸಿಪ್ಪೆ ಹಾಕಿ ಕೈಮುಗಿಯುತ್ತಾಳೆ. ಸಂತೋಷ ಪಡಬೇಕಾದವನು ನಾನು. ಆದರೆ ಮುಂಗಾರು ಪೂರ್ತಿ ಗಂಟಲು ಹರಿದುಕೊಂಡು ಹೇಳಿದ ನನ್ನ ಮಾತಿಗೆ ಬಗ್ಗದವರು ಹಿಡಿ ಸಗಣಿಯ ಉಂಡೆಗೆ ಬಗ್ಗಿದರಲ್ಲ ಎಂಬ ಉರಿ ಇನ್ನೂ ಆರಿಲ್ಲ. ಮೇಲಾಗಿ, ಪಾಕೀಟು ಎಲ್ಲಿಗೆ ಹೋದವು? ಕಾಂಪೌಂಡಿನ ಆಚೆ ಗಟಾರಕ್ಕೆ. ನೀಲಿ ಡ್ರಮ್ಮು ಖಾಲಿ ನಿಂತಿದೆ, ಕಸದ ಗಾಡಿ ಬಂದರೂ ಅದರಲ್ಲಿ ಒಯ್ಯಲು ಏನೂ ಇಲ್ಲ. ಗೋಡೆಯ ಈಚೆ ದೇವರಿದ್ದಾನೆ, ಆಚೆ ಯಾರೂ ಇಲ್ಲ.

ಸಂಕ್ರಾಂತಿ ಮುಗಿದ ಮೇಲೆ ಗೊಬ್ಬರ ಹದಕ್ಕೆ ಬಂತು. ಕೈಯಲ್ಲಿ ಹಿಡಿದರೆ ಪುಡಿಪುಡಿ, ಮೊದಲ ಮಳೆಯ ಮಣ್ಣಿನ ವಾಸನೆ. ಉಸುಕು ಸೋಸುವ ನನ್ನ ಜರಡಿಯನ್ನೇ ಹೆಗಲ ಮೇಲೆ ಹೊತ್ತು, ಅರ್ಧ ದಿನದ ಕೆಲಸ ಬಿಟ್ಟ ಮೇಲೆ ಶಾಲೆಗೆ ಹೋದೆ. ಹುಡುಗರೆದುರೇ ಸೋಸಿ, ಅಂಗಳದ ಕರಿಬೇವು, ನುಗ್ಗೆಗೆ ಅವರ ಕೈಯಿಂದಲೇ ಹಾಕಿಸಿ, ಕಸ ಏನಾಯಿತು ನೋಡಿರಿ ಎಂದು ಒಮ್ಮೆಯಾದರೂ ತೋರಿಸಬೇಕಿತ್ತು ನನಗೆ. ಜರಡಿ ಊರಿ ಸಲಿಕೆ ಎತ್ತಿದೆ. ಮಗಳು ಬಂದು ತೊಟ್ಟಿಗೆ ಬೆನ್ನು ಕೊಟ್ಟು ನಿಂತಳು. ಅವಳ ಎರಡೂ ಪಕ್ಕ ಉಳಿದವರು ನಿಂತರು.

“ಯಪ್ಪಾ, ಇವತ್ತ ಬ್ಯಾಡ. ಶುಕ್ರವಾರ ಐತಿ.”

“ಐತಿ, ಏನಾತೀಗ?”

“ಶುಕ್ರವಾರ ತಿಪ್ಪಿ ಕೊಡೂದಿಲ್ಲ.”

“ಎಲ್ಲಿಗೆ ಕೊಡಾಕತ್ತೀನಿ ಯವ್ವಾ? ಗಿಡ ಶಾಲೀವ, ತೊಟ್ಟಿ ಶಾಲೀದ. ಹೊರಗೆಲ್ಲಿ ಹೊಂಟೈತಿ?”

“ತಿಪ್ಪಿಯಿಂದ ಹೊರಗ ಹೊಂಟೈತಿಲ್ಲೋ?” ಎಂದ ಪಕ್ಕದ ಪೋರ. “ಬೇಕಾದ್ರ ಅಡಗಿ ಯವ್ವನ್ನ ಕೇಳ್ರಿ ಕಾಕಾ.”

ಅಡುಗೆಯವ್ವ ಒಳಗಿನಿಂದಲೇ ಕೂಗಿದಳು: “ನಿಮ್ಮ ತೊಟ್ಟಿಗೆ ರಜಾ ಐತ್ರಿ ಅಧ್ಯಕ್ಷರ, ನಾಳಿ ಬರ್ರಿ!”

“ನಾಳಿ ನನಗ ಲಕ್ಷ್ಮೇಶ್ವರದಾಗ ಸ್ಲ್ಯಾಬ್ ಐತಿ!” ಎಂದು ನಾನೂ ಕೂಗಿದೆ. ಯಾರೂ ಕದಲಲಿಲ್ಲ. ನನ್ನ ಕಣ್ಣು ಗೋಡೆಯ ಆಚೆ ಹೋಯಿತು. “ಆತು. ಇದಕ್ಕ ವಾರ ನೋಡ್ತೀರಿ. ಆ ಗಟಾರದಾಗ ಪಾಕೀಟ ಒಗಿಯಾಕ ಯಾವ ವಾರಾನೂ ಅಡ್ಡ ಬರೂದಿಲ್ಲೇನ?”

ಮಗಳು ಗೋಡೆಯ ಕಡೆ ತಿರುಗಿ ನೋಡಿದಳು. ನಿಜವಾಗಿ ಯೋಚನೆ ಮಾಡಿದಳು, ಅದನ್ನು ನಾನು ಒಪ್ಪಬೇಕು.

“ಗಟಾರ ನಮ್ಮದಲ್ಲಲ್ಲ ಯಪ್ಪಾ.”

ಜರಡಿಯನ್ನು ಗೋಡೆಗೆ ಒರಗಿಸಿ ಮನೆಗೆ ಬಂದೆ. ಹೆಂಡತಿಗೆ ಆಗಲೇ ಖಬರು ಮುಟ್ಟಿತ್ತು. ಚಹಾ ಕೊಟ್ಟಳು. ಬಟ್ಟಲು ಇಡುವಾಗ ಅವಳ ತುಟಿಯ ತುದಿ ಇದ್ದ ರೀತಿ ನನಗೆ ಚೆನ್ನಾಗಿ ಕಂಡಿತು.

ಶನಿವಾರ ಸಂಜೆ ಸ್ಲ್ಯಾಬ್ ಮುಗಿಸಿ, ಮೈಯೆಲ್ಲ ಸಿಮೆಂಟು ಮಾಡಿಕೊಂಡು ಬಂದಾಗ ಜರಡಿ ನಮ್ಮ ಪಡಸಾಲೆಯಲ್ಲಿತ್ತು. ಒಂದು ಮೂಲೆಯ ತಂತಿ ಕಿತ್ತು, ನಡುವೆ ತಗ್ಗು ಬಿದ್ದಿತ್ತು. ಹುಡುಗರು ಅದರ ಮೇಲೆ ನಿಂತು ಗೊಬ್ಬರ ತುಳಿದಿರಬೇಕು. ಮಗಳ ಉಗುರಿನ ಸಂದಿಯೆಲ್ಲ ಕಪ್ಪಾಗಿತ್ತು. ಕರಿಬೇವಿಗೆ ಎಷ್ಟು, ನುಗ್ಗೆಗೆ ಎಷ್ಟು, ಯಾರು ಯಾರಿಗೆ ಹಾಕಲು ಬಿಟ್ಟೆ, ಯಾರಿಗೆ ಬಿಡಲಿಲ್ಲ ಎಂದು ಉಸಿರು ಬಿಡದೆ ಹೇಳಿದಳು. ನಾನು ಇಲ್ಲದೆಯೇ ಎಲ್ಲ ಮುಗಿದಿತ್ತು.

ಇಕ್ಕಳ ತಂದು ತಂತಿ ಹೊಸೆಯಲು ಕೂತೆ. ಅವಳೂ ಎದುರಿಗೆ ಕೂತು ಜರಡಿಯ ಚೌಕಟ್ಟನ್ನು ಹಿಡಿದಳು.

“ಗಟಾರ ನಮ್ಮದಲ್ಲಂದಿ. ಯಾರದು ಹಂಗಾರ?” ಎಂದು ಕೇಳಿದೆ.

“ಪಂಚಾಯ್ತಿದು.”

“ಪಂಚಾಯ್ತಿ ಯಾರದು?”

ಅವಳು ನನ್ನ ಮುಖ ನೋಡಿದಳು. “ನಿಮಗ ಗೊತ್ತಿಲ್ಲೇನ?”

ಅಡುಗೆಮನೆಯಲ್ಲಿ ಹೆಂಡತಿ ರೊಟ್ಟಿ ಬಡಿಯುವುದನ್ನು ಒಂದು ಗಳಿಗೆ ನಿಲ್ಲಿಸಿದಳು. ನನಗೆ ಸಿಟ್ಟು ಬಂತು, ಯಾರ ಮೇಲೆ ಎಂದು ಗೊತ್ತಾಗಲಿಲ್ಲ.

“ಗಟ್ಟಿ ಹಿಡಿ,” ಎಂದೆ, “ಅಳ್ಳಾಡಸಬ್ಯಾಡ.” ಅವಳು ಗಟ್ಟಿಯಾಗಿ ಹಿಡಿದಳು. ಕಿತ್ತ ತಂತಿಯನ್ನು ಒಂದೊಂದಾಗಿ ಬಿಗಿಯುತ್ತ ಹೋದೆ.